ಇಂಗ್ಲಿಷ್‌ನ ಒಂದು ಪದಕ್ಕೆ ಸ್ಪ್ಯಾನಿಷ್‌ನಲ್ಲಿ ನಾಲ್ಕು: ಸರಿಯಾದ್ದನ್ನು ಕನ್ನಡದಿಂದ ಆರಿಸುವುದು ಹೇಗೆ

ಸ್ಪ್ಯಾನಿಷ್ ಕಲಿಯುವ ಕನ್ನಡಿಗರ ಕೈಯಲ್ಲಿ ಸಾಮಾನ್ಯವಾಗಿ ಇರುವುದು ಇಂಗ್ಲಿಷ್–ಸ್ಪ್ಯಾನಿಷ್ ನಿಘಂಟು. ಅದರಲ್ಲಿ ‘ಪ್ಲೇ’ ಹುಡುಕಿದರೆ ಹುಗಾರ್, ತೊಕಾರ್, ಪೊನೇರ್ ಎಂದು ಸಾಲಾಗಿ ಬರುತ್ತವೆ. ಮೊದಲನೆಯದನ್ನೇ ಎತ್ತಿಕೊಂಡು ‘ಹ್ವೇಗೊ ಲಾ ಗಿತಾರ್ರಾ’ ಎಂದರೆ ‘ಗಿಟಾರ್ ಆಡುತ್ತೇನೆ’ ಎಂದಂತಾಯಿತು. ಕನ್ನಡದಲ್ಲಿ ಯಾರೂ ಹಾಗೆ ಹೇಳುವುದಿಲ್ಲ. ಆಟ ಆಡುತ್ತೇವೆ, ವಾದ್ಯ ನುಡಿಸುತ್ತೇವೆ. ಸ್ಪ್ಯಾನಿಷ್ ಕೂಡ ಗೆರೆ ಎಳೆಯುವುದು ಅಲ್ಲಿಯೇ: ಆಟಕ್ಕೆ ಹುಗಾರ್, ವಾದ್ಯಕ್ಕೆ ತೊಕಾರ್. ಹಾಡೋ ವಿಡಿಯೊವೋ ‘ಹಾಕು’ ಎನ್ನುವಾಗ ಪೊನೇರ್, ಅದರ ಮೂಲ ಅರ್ಥವೂ ‘ಹಾಕು, ಇಡು’ ಎಂದೇ.

ಹಾಗಾಗಿ ಇಂಗ್ಲಿಷ್ ವಾಕ್ಯ ಸಿಕ್ಕಿದ ಕೂಡಲೇ ನಿಘಂಟು ತೆರೆಯಬೇಡಿ. ಮೊದಲು ಅದನ್ನು ಮನೆಯ ಕನ್ನಡದಲ್ಲಿ ಹೇಳಿ. ಕನ್ನಡ ಎರಡು ಪದ ಬಳಸಿದರೆ ಸ್ಪ್ಯಾನಿಷ್ ಕೂಡ ಬಹುಪಾಲು ಎರಡು ಬಳಸುತ್ತದೆ. ಕನ್ನಡವೂ ಒಂದೇ ಪದದಲ್ಲಿ ಮುಗಿಸುವ ಕಡೆ ಮಾತ್ರ ಬೇರೆ ಪರೀಕ್ಷೆ ಬೇಕು, ಎಡವುವುದು ಹೆಚ್ಚಾಗಿ ಅಲ್ಲಿಯೇ.

ಒಂದು ಎಚ್ಚರಿಕೆ. ‘ಮನೆಯ ಕನ್ನಡ’ ಎಂದರೆ ಇಂಗ್ಲಿಷ್ ಬೆರೆಯದ ಕನ್ನಡ. ‘ಬಸ್ ಮಿಸ್ ಆಯ್ತು’, ‘ನಿನ್ನ ಮಿಸ್ ಮಾಡ್ಕೊಂಡೆ’ ಎಂದುಕೊಂಡರೆ ಇಂಗ್ಲಿಷ್‌ನ ಗೊಂದಲವನ್ನೇ ಹೊತ್ತು ತಂದ ಹಾಗೆ. ಬಸ್ ತಪ್ಪಿತು ಎಂದರೆ ಪೆರ್ದೇರ್. ನಿನ್ನ ನೆನಪು ಕಾಡಿತು ಎಂದರೆ ಎಸ್ತ್ರಾನ್ಯಾರ್, ಸ್ಪೇನ್‌ನಲ್ಲಿ ಎಚಾರ್ ದೆ ಮೆನೋಸ್. ‘ಫ್ರೀ’ ಕೂಡ ಹೀಗೇ: ದುಡ್ಡಿಲ್ಲದೆ ಸಿಕ್ಕಿದ್ದು ಗ್ರಾತಿಸ್, ಬಿಡುವಾಗಿರುವುದು ಲೀಬ್ರೆ. ‘ಸೇವ್’ ಎಂಬುದನ್ನೂ ಬಿಡಿಸಿ ನೋಡಿ: ಫೈಲ್ ಇಟ್ಟುಕೊಳ್ಳುವುದು ಗ್ವಾರ್ದಾರ್, ಹಣ ಉಳಿಸುವುದು ಆವೊರ್ರಾರ್, ಜೀವ ಉಳಿಸುವುದು ಸಾಲ್ಬಾರ್.

(ಉಚ್ಚಾರ ಇಲ್ಲಿ ಲ್ಯಾಟಿನ್ ಅಮೆರಿಕದ ರೂಢಿಯದು. ಕೊನೊಸೇರ್ ಎಂದಲ್ಲಿ ಸ್ಪೇನ್‌ನ ಹೆಚ್ಚಿನ ಭಾಗದಲ್ಲಿ ಕೊನೊಥೇರ್ ಎನ್ನುತ್ತಾರೆ.)

ಗೊತ್ತು, ಪರಿಚಯ, ಬರುತ್ತದೆ

‘ಐ ನೋ’ ಎಂಬುದಕ್ಕೆ ಸಬೇರ್ ಮತ್ತು ಕೊನೊಸೇರ್ ಎರಡಿವೆ. ಇಂಗ್ಲಿಷ್ ಮೂಲಕ ಕಲಿತವರನ್ನು ಇದು ತಿಂಗಳುಗಟ್ಟಲೆ ಸತಾಯಿಸುತ್ತದೆ. ಕನ್ನಡಿಗರನ್ನು ಸತಾಯಿಸಬೇಕಾಗಿಲ್ಲ. ‘ಗೊತ್ತು’ ಎನ್ನುವ ಮಾಹಿತಿಗೆ ಸಬೇರ್, ‘ಪರಿಚಯ ಇದೆ’ ಎನ್ನುವ ವ್ಯಕ್ತಿಗೆ, ಊರಿಗೆ ಕೊನೊಸೇರ್. ಮರಿಯಾಳ ಪರಿಚಯವಿದೆ ಎನ್ನಲು ‘ಕೊನೊಸ್ಕೊ ಆ ಮರಿಯಾ’. ನಡುವಿನ ‘ಆ’ ಬಿಡುವಂತಿಲ್ಲ. ‘ಪುಸ್ತಕ ನೋಡಿದೆ’ ಎನ್ನಬಹುದು, ‘ಮರಿಯಾ ನೋಡಿದೆ’ ಎನ್ನಲಾಗದು, ‘ಮರಿಯಾಳನ್ನು’ ಎನ್ನಲೇಬೇಕು. ಸ್ಪ್ಯಾನಿಷ್‌ನಲ್ಲಿ ಈ ‘ಆ’ ಬರುವುದೂ ಮುಖ್ಯವಾಗಿ ಮನುಷ್ಯರು ಕರ್ಮವಾದಾಗ.

ಭೂತಕಾಲದಲ್ಲಿ ಹೊಂದಿಕೆ ಇನ್ನೂ ಸೊಗಸು. ಗೊತ್ತಿತ್ತು ಎಂದರೆ ಸಬೀಯಾ, ಗೊತ್ತಾಯಿತು ಎಂದರೆ ಸುಪೆ. ಪರಿಚಯವಿತ್ತು ಎಂದರೆ ಕೊನೊಸೀಯಾ, ಪರಿಚಯವಾಯಿತು ಎಂದರೆ ಕೊನೊಸಿ. ‘ಇತ್ತು’ ಮತ್ತು ‘ಆಯಿತು’ ನಡುವಿನ ಅಂತರವನ್ನು ಹಿಡಿದುಕೊಂಡರೆ ಈ ಎರಡು ಕ್ರಿಯಾಪದಗಳ ಮಟ್ಟಿಗೆ ವ್ಯಾಕರಣ ಪುಸ್ತಕದ ಒಂದು ಅಧ್ಯಾಯ ಮುಗಿದಂತೆ.

ಇಂಗ್ಲಿಷ್‌ನ ‘ಕ್ಯಾನ್’ ಕೂಡ ಇಲ್ಲಿಗೇ ಸೇರುತ್ತದೆ. ನನಗೆ ಈಜು ಬರುತ್ತದೆ: ಸೆ ನದಾರ್. ಕೈಗೆ ಪೆಟ್ಟಾಗಿದೆ, ಈಜಲು ಆಗುವುದಿಲ್ಲ: ನೊ ಪ್ವೆದೊ ನದಾರ್. ‘ಬರುತ್ತದೆ’ಗೆ ಸಬೇರ್, ‘ಆಗುತ್ತದೆ’ಗೆ ಪೊದೇರ್.

ಕೇಳು: ಕನ್ನಡವೇ ಕೈಕೊಡುವ ಜಾಗ

ಬೆಲೆ ಕೇಳುತ್ತೇವೆ, ಬಿಲ್ ಕೇಳುತ್ತೇವೆ, ಹಾಡೂ ಕೇಳುತ್ತೇವೆ. ಸ್ಪ್ಯಾನಿಷ್‌ಗೆ ಇವು ಬೇರೆ ಬೇರೆ ಕೆಲಸಗಳು. ಕೇಳಿದ್ದಕ್ಕೆ ಪ್ರತಿಯಾಗಿ ಏನು ಬರುತ್ತದೆ ಎಂದು ನೋಡಿ. ಉತ್ತರ ಬಂದರೆ ಪ್ರೆಗುಂತಾರ್: ಬೆಲೆ ಕೇಳಿದೆ, ‘ಪ್ರೆಗುಂತೆ ಎಲ್ ಪ್ರೆಸ್ಯೊ’. ವಸ್ತುವೋ ಕೆಲಸವೋ ಬರಬೇಕಾದರೆ ಪೆದೀರ್: ಬಿಲ್ ಕೇಳಿದೆ, ‘ಪೆದಿ ಲಾ ಕ್ವೆಂತಾ’. ಹೋಟೆಲಿನಲ್ಲಿ ಊಟ ಹೇಳುವುದಕ್ಕೂ ಪೆದೀರ್ ಸಾಕು.

ವ್ಯಕ್ತಿಯೊಬ್ಬರಿಂದ ಕೆಲಸ ಬಯಸಿದಾಗ ಕನ್ನಡದಲ್ಲಿ ‘ಕೇಳಿಕೊಂಡೆ’ ಎಂದು ಹೇಳಿನೋಡಿ. ಅದು ಹೊಂದಿದರೆ ಪೆದೀರ್, ಮುಂದೆ ‘ಕೆ’, ಅದರ ಮುಂದಿನ ಕ್ರಿಯಾಪದ ಸಬ್ಜಂಕ್ಟಿವ್‌ನಲ್ಲಿ (ಕೋರಿಕೆ, ಬಯಕೆ ಹೇಳುವಾಗ ಬರುವ ಕ್ರಿಯಾರೂಪ): ‘ಲೆ ಪೆದಿ ಕೆ ಬಿನ್ಯೇರಾ’, ಬಾ ಎಂದು ಕೇಳಿಕೊಂಡೆ. ಬರುತ್ತೀಯಾ ಎಂದು ವಿಚಾರಿಸಿದ್ದಾದರೆ ‘ಲೆ ಪ್ರೆಗುಂತೆ ಸಿ ಬೆನೀಯಾ’. ಇನ್ನು ‘ಪ್ರಶ್ನೆ ಕೇಳು’ ಎಂಬುದಕ್ಕೆ ಈ ಎರಡನ್ನೂ ಬಳಸಬೇಡಿ. ಸ್ಪ್ಯಾನಿಷ್‌ನಲ್ಲಿ ಪ್ರಶ್ನೆಯನ್ನು ‘ಮಾಡುತ್ತಾರೆ’: ಆಸೇರ್ ಉನಾ ಪ್ರೆಗುಂತಾ.

ಕಿವಿಯ ವಿಷಯದಲ್ಲಿ ತಾನಾಗಿ ಕೇಳಿಸಿದ್ದು ಒಯೀರ್, ಗಮನವಿಟ್ಟು ಕೇಳುವುದು ಎಸ್ಕುಚಾರ್. ಲ್ಯಾಟಿನ್ ಅಮೆರಿಕದಲ್ಲಿ ಎರಡಕ್ಕೂ ಎಸ್ಕುಚಾರ್ ಎನ್ನುವವರು ಬಹಳ.

ಇದೆ, ಇದ್ದಾನೆ

ಇಂಗ್ಲಿಷ್‌ನ ‘ಈಸ್’ ಎಂಬುದಕ್ಕೆ ಇರುವ ಸೇರ್ ಮತ್ತು ಎಸ್ತಾರ್ ಬಗ್ಗೆ ‘ಸೇರ್ ಶಾಶ್ವತ, ಎಸ್ತಾರ್ ತಾತ್ಕಾಲಿಕ’ ಎಂಬ ಸೂತ್ರ ಎಲ್ಲೆಡೆ ಸಿಗುತ್ತದೆ. ಅದನ್ನು ನಂಬಿದರೆ ಸತ್ತವರ ವಿಷಯದಲ್ಲೇ ಕೆಡುತ್ತದೆ: ಸಾವು ತಾತ್ಕಾಲಿಕವಲ್ಲ, ಆದರೂ ‘ಎಸ್ತಾ ಮ್ವೇರ್ತೊ’ ಎಂದೇ ಹೇಳಬೇಕು. ಕನ್ನಡದ ಕಿವಿಗೆ ಬೇರೆ ಸುಳಿವಿದೆ. ‘ಅವಳು ಡಾಕ್ಟರ್’ ಎಂಬಲ್ಲಿ ಕ್ರಿಯಾಪದವೇ ಬೇಕಿಲ್ಲ. ಅಂಥ ಕಡೆ ಸೇರ್. ‘ಅವಳು ಮನೆಯಲ್ಲಿದ್ದಾಳೆ’ ಎಂಬಲ್ಲಿ ‘ಇರು’ ಬರುತ್ತದೆ, ಅಲ್ಲಿ ಎಸ್ತಾರ್. ಮದುವೆ, ಸಭೆ, ಪಾರ್ಟಿಯ ಜಾಗ ಹೇಳುವಾಗ ಮಾತ್ರ ‘ನಡೆಯುತ್ತದೆ’ ಹಾಕಿ ನೋಡಿ. ಹೊಂದಿದರೆ ಮತ್ತೆ ಸೇರ್: ‘ಲಾ ಫ್ಯೇಸ್ತಾ ಎಸ್ ಎನ್ ಮಿ ಕಾಸಾ’. ಗುಣವಾಚಕಗಳಿಗೆ ಈ ಸುಳಿವು ಅಷ್ಟು ನಿಖರವಲ್ಲ, ಅವನ್ನು ಜೋಡಿಯಾಗಿಯೇ ಕಲಿಯಬೇಕು: ‘ಎಸ್ ಲಿಸ್ತೊ’ ಎಂದರೆ ಜಾಣ, ‘ಎಸ್ತಾ ಲಿಸ್ತೊ’ ಎಂದರೆ ಸಿದ್ಧನಾಗಿದ್ದಾನೆ.

ನಮ್ಮ ‘ಇದೆ’ಯೊಳಗೆ ಇನ್ನೂ ಎರಡು ಅಡಗಿವೆ. ‘ಇಲ್ಲಿ ಹತ್ತಿರ ಬ್ಯಾಂಕ್ ಇದೆಯಾ?’ ಎಂದರೆ ಅಂಥದ್ದೊಂದು ಉಂಟೋ ಇಲ್ಲವೋ ಎಂಬ ಪ್ರಶ್ನೆ. ಅದಕ್ಕೆ ‘ಆಯ್’: ‘ಆಯ್ ಉನ್ ಬಾಂಕೊ ಪೊರ್ ಅಕಿ?’. ‘ಆ ಬ್ಯಾಂಕ್ ಎಲ್ಲಿದೆ?’ ಎಂದರೆ ಗೊತ್ತಿರುವ ಬ್ಯಾಂಕಿನ ಜಾಗ ಬೇಕು. ಅದಕ್ಕೆ ‘ದೋಂದೆ ಎಸ್ತಾ’. (ಬಾಂಕೊ ಎಂದರೆ ಪಾರ್ಕಿನ ಬೆಂಚೂ ಹೌದು, ತೋರಿಸಿದ ಕಡೆ ಹಣ ಸಿಗದಿದ್ದರೆ ಗಾಬರಿಯಾಗಬೇಡಿ.) ‘ನನಗೆ ಇಬ್ಬರು ಮಕ್ಕಳಿದ್ದಾರೆ’ ಎನ್ನಲು ತೆನೇರ್. ವಯಸ್ಸು, ಹಸಿವು, ಬಾಯಾರಿಕೆಗೂ ಅದೇ.

ಬಂದೆ, ತರ್ತೀನಿ

ಇಲ್ಲಿ ಇಂಗ್ಲಿಷೂ ಕನ್ನಡವೂ ಒಟ್ಟಿಗೇ ದಾರಿ ತಪ್ಪಿಸುತ್ತವೆ. ಯಾರೋ ಕರೆದರೆ ‘ಬಂದೆ’ ಎನ್ನುತ್ತೇವೆ. ಸ್ಪ್ಯಾನಿಷ್‌ನವರು ‘ಯಾ ಬೊಯ್’ ಎನ್ನುತ್ತಾರೆ, ಅಂದರೆ ಅಕ್ಷರಶಃ ‘ಹೋಗುತ್ತೇನೆ’. ಬೆನೀರ್ (ಬರು) ಮತ್ತು ತ್ರಾಯೇರ್ (ತರು) ಮಾತಾಡುವವರು ನಿಂತ ಜಾಗದ ಕಡೆಗೆ ಮಾತ್ರ. ಫೋನಿನಲ್ಲಿ ‘ನಾಳೆ ನಿಮ್ಮ ಮನೆಗೆ ಪುಸ್ತಕ ತರ್ತೀನಿ’ ಎನ್ನುವಾಗ ತ್ರಾಯೇರ್ ಅಲ್ಲ, ಯೆಬಾರ್ (ಒಯ್ಯು, ಇಂಗ್ಲಿಷ್‌ನ ‘ಟೇಕ್’): ‘ಮನ್ಯಾನಾ ತೆ ಯೇಬೊ ಎಲ್ ಲೀಬ್ರೊ’. ಆ ಮನೆ ತಲುಪಿ ಕೈಗೆ ಕೊಡುವಾಗ ‘ತೆ ತ್ರೈಗೊ ಎಲ್ ಲೀಬ್ರೊ’ ಸರಿಯಾಗುತ್ತದೆ.

‘ಟೇಕ್’ನ ಉಳಿದ ರೂಪಗಳು: ಫೋಟೊ ತೆಗೆಯುವುದು ಸಕಾರ್, ಬಟ್ಟೆ ಕಳಚುವುದು ಕಿತಾರ್ಸೆ, ಇಷ್ಟು ಹೊತ್ತು ಹಿಡಿಯುವುದು ತರ್ದಾರ್. ಬಸ್ ಹತ್ತಿ ಹೋಗುವುದಕ್ಕೆ ಸ್ಪೇನ್‌ನಲ್ಲಿ ಕೊಹೇರ್ ಎನ್ನುತ್ತಾರೆ. ಮೆಕ್ಸಿಕೊ, ಅರ್ಜೆಂಟೀನಾಗಳಲ್ಲಿ ಅದು ಅಶ್ಲೀಲ. ಎಲ್ಲ ಕಡೆ ಸಲ್ಲುವ ತೊಮಾರ್ ಬಳಸಿ.

ಆಗು

‘ಬಿಕಮ್’ ಮತ್ತು ‘ಆಗು’ ಎರಡೂ ಒಂದೊಂದೇ ಪದ, ಸ್ಪ್ಯಾನಿಷ್‌ನಲ್ಲಿ ಮಾತ್ರ ಒಂದು ಗುಂಪೇ ಇದೆ. ಸ್ವಲ್ಪ ಹೊತ್ತಿನ ಬದಲಾವಣೆ, ಮುಖ ಕೆಂಪಾಯಿತು, ಗಾಬರಿಯಾಯಿತು ಎಂಬಂಥದ್ದು: ಪೊನೇರ್ಸೆ. ದುಡಿದು ಅಥವಾ ಬಯಸಿ ಆದದ್ದು, ವೈದ್ಯನಾದ, ಶ್ರೀಮಂತನಾದ: ಆಸೇರ್ಸೆ. ಸ್ವಭಾವವೇ ಬದಲಾದದ್ದು, ಹುಚ್ಚನಾದ: ಬೊಲ್ಬೇರ್ಸೆ. ಏನನ್ನೋ ಕಳೆದುಕೊಂಡು ಉಳಿದ ಸ್ಥಿತಿ, ಕುರುಡನಾದ, ವಿಧವೆಯಾದಳು: ಕೆದಾರ್ಸೆ. ಒಂದು ವಸ್ತು ಇನ್ನೊಂದಾದದ್ದು: ಕೊಂಬೆರ್ತೀರ್ಸೆ ಎನ್.

ಆದರೆ ಇವುಗಳಿಗೆ ಕೈಹಾಕುವ ಮೊದಲು ಒಂಟಿ ಕ್ರಿಯಾಪದ ಇದೆಯೇ ನೋಡಿ. ಸುಸ್ತಾಯಿತು ಎನ್ನಲು ಕನ್ಸಾರ್ಸೆ, ಕೋಪ ಬಂತು ಎನ್ನಲು ಎನೊಹಾರ್ಸೆ (ಸ್ಪೇನ್‌ನಲ್ಲಿ ಎನ್ಫದಾರ್ಸೆ) ಸಾಕು.

ಸಣ್ಣಪುಟ್ಟ ಬಲೆಗಳು ಇನ್ನೂ ಇವೆ. ನೀರಿನಲ್ಲಿ ಈಜುವ ಮೀನು ಪೆಸ್, ಹಿಡಿದು ತಟ್ಟೆಗೆ ಬಂದದ್ದು ಪೆಸ್ಕಾದೊ. ಕೋಣೆಯ ಒಳಮೂಲೆ ರಿಂಕೋನ್, ರಸ್ತೆ ತಿರುಗುವ ಮೂಲೆ ಎಸ್ಕಿನಾ.

ತಿರುಗಿಸಿ ನೋಡುವುದು

ಆರಿಸಿದ ಪದವನ್ನು ಸ್ಪ್ಯಾನಿಷ್–ಸ್ಪ್ಯಾನಿಷ್ ನಿಘಂಟಿನಲ್ಲಿ ಒಮ್ಮೆ ನೋಡಿ. 1713ರಲ್ಲಿ ಸ್ಥಾಪನೆಯಾದ ರೆಯಾಲ್ ಅಕಾದೆಮಿಯಾ ಎಸ್ಪಾನ್ಯೋಲಾದ ನಿಘಂಟು ಅಂತರ್ಜಾಲದಲ್ಲಿ ಉಚಿತ. ಕೊನೆಯಲ್ಲಿ ‘ಸೆ’ ಸೇರಿದರೆ ಅರ್ಥ ಬದಲಾಗುತ್ತದೆಯೇ ಎಂದು ಅಲ್ಲಿ ಗಮನಿಸಿ: ದೊರ್ಮೀರ್ ಎಂದರೆ ನಿದ್ದೆ ಮಾಡು, ದೊರ್ಮೀರ್ಸೆ ಎಂದರೆ ನಿದ್ದೆ ಹತ್ತು. ಟಿಪ್ಪಣಿ ಪುಸ್ತಕದಲ್ಲಿ ಬಿಡಿ ಪದ ಬರೆಯಬೇಡಿ, ಕರ್ಮದ ಜೊತೆಗೆ ಬರೆಯಿರಿ. ‘ತೊಕಾರ್ ಲಾ ಗಿತಾರ್ರಾ’ ಎಂದಿದ್ದರೆ ಮುಂದೆ ಗೊಂದಲವಿಲ್ಲ. ಅನುವಾದದ ಆ್ಯಪ್‌ಗೂ ಒಂಟಿ ಪದ ಕೊಡದೆ ಇಡೀ ವಾಕ್ಯ ಕೊಡಿ.

ಕೊನೆಗೆ ಒಂದು ವಾಕ್ಯ ಮಾಡಿ ನೋಡೋಣ. ‘ಎಷ್ಟು ಗಂಟೆಗೆ ಹೊರಡ್ತೀಯ ಅಂತ ಅವಳನ್ನ ಕೇಳಿದೆ, ಸ್ಟೇಷನ್‌ಗೆ ಕರ್ಕೊಂಡು ಹೋಗು ಅಂತ ಕೇಳ್ಕೊಂಡಳು.’ ಇಂಗ್ಲಿಷ್‌ನಲ್ಲಿ ಇದಕ್ಕೆ ಆಸ್ಕ್, ಟೈಮ್, ಲೀವ್, ಮತ್ತೆ ಆಸ್ಕ್, ಟೇಕ್. ಮೊದಲ ‘ಕೇಳಿದೆ’ಗೆ ಉತ್ತರ ಬೇಕು, ಪ್ರೆಗುಂತಾರ್. ಗಡಿಯಾರದ ಗಂಟೆ, ಓರಾ (‘ಬಿಡುವು’ ಎಂಬ ಅರ್ಥವಾದರೆ ತ್ಯೇಂಪೊ, ‘ಸಲ’ ಎಂಬ ಅರ್ಥವಾದರೆ ಬೇಸ್). ಹೊರಡು, ಸಲೀರ್ (ಬಿಡು ಆಗಿದ್ದರೆ ದೆಹಾರ್). ಕೇಳ್ಕೊಂಡಳು, ಪೆದೀರ್ ಮತ್ತು ಸಬ್ಜಂಕ್ಟಿವ್. ಕರ್ಕೊಂಡು ಹೋಗು, ಯೆಬಾರ್. ‘ಲೆ ಪ್ರೆಗುಂತೆ ಆ ಕೆ ಓರಾ ಸಲೀಯಾ, ಇ ಮೆ ಪಿದ್ಯೊ ಕೆ ಲಾ ಯೆಬಾರಾ ಆ ಲಾ ಎಸ್ತಸ್ಯೋನ್.’