ಮೀನೂಟಕ್ಕೆ ಕೂತಾಗ ಮೆನು ಬದಿಗಿಡಿ
ಕಾರವಾರದ ಖಾನಾವಳಿಯಲ್ಲಿ ಮೀನಿನ ಹೆಸರು ಹೇಳಬೇಡಿ. 'ಇವತ್ತು ಬಂದ ಮೀನಿನಲ್ಲಿ ಯಾವುದು ಚೆನ್ನಾಗಿದೆಯೋ ಅದನ್ನೇ ಕೊಡಿ, 250 ರೂಪಾಯಿ ಒಳಗೆ' ಅನ್ನಿ. ಜಪಾನಿನ ಸುಶಿ ಅಂಗಡಿಗಳ ಒಮಾಕಸೆಯೂ ಇದೇ ತಾನೆ, 'ನಿಮಗೇ ಬಿಟ್ಟಿದ್ದೇನೆ' ಅಂತ. ಮೆನುವಿನಲ್ಲಿ ಇಸ್ವಾಣ, ಪಾಂಪ್ಲೆಟ್ ವರ್ಷವಿಡೀ ಇರುತ್ತವೆ, ದೋಣಿಯಲ್ಲೂ ಇರಬೇಕಲ್ವಾ! ಬೆಳಿಗ್ಗೆ ಬಂದದ್ದು ಬಂಗುಡೆಯೋ ಕಾಣೆ ಮೀನೋ ಅಡುಗೆಯವರಿಗೇ ಗೊತ್ತು. ಜಾಸ್ತಿ ಬಂದ ಮೀನು ಅಗ್ಗವೂ ಹೌದು. ದುಡ್ಡಿನ ಮಾತು ಮಾತ್ರ ಮೊದಲೇ ಆಗಲಿ, ಇಲ್ಲಾಂದ್ರೆ ದುಬಾರಿ ಇಸ್ವಾಣದ ದಪ್ಪ ತುಂಡೇ ತಟ್ಟೆಗೆ ಬಂದೀತು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ನಿಷೇಧ, ಆಗ ಈ ಉಪಾಯ ಅಷ್ಟಾಗಿ ನಡೆಯುವುದಿಲ್ಲ. ಹೊಳೆ ಮೀನು ಇದೆಯಾ ಕೇಳಿ. ಊಟದ ಹೊತ್ತು ಮೀರಿ ಹೋದರೂ ಅಷ್ಟೇ, ಉಳಿದದ್ದೇ 'ಚೆನ್ನಾಗಿರುವ' ಮೀನಾಗುತ್ತದೆ.