ಗೇಟಿನಲ್ಲಿ ದುಡ್ಡು ಕೇಳುವುದು ಬಿಟ್ಟೆ, ಜಾಮ್ ಬಿಟ್ಟಿತು

ನಮ್ಮ ವಾರ್ಷಿಕ ಮೇಳದ ಪಾರ್ಕಿಂಗ್ ನನ್ನ ತಲೆಗೆ ಬಿದ್ದು ಐದು ವರ್ಷವಾಯಿತು. ಮೊದಲ ಮೂರು ವರ್ಷ ಬೈಸಿಕೊಂಡಿದ್ದೇ ಜಾಸ್ತಿ. ಹೊರಗೆ ರಸ್ತೆಯಲ್ಲಿ ಎರಡು ಕಿಲೋಮೀಟರ್ ಸಾಲು, ಒಳಗೆ ಮೈದಾನ ಅರ್ಧ ಖಾಲಿ. ಸಮಿತಿಯವರದು ಪ್ರತಿ ಸಲ ಒಂದೇ ಮಾತು: "ಇನ್ನೊಂದು ಮೈದಾನ ಬಾಡಿಗೆಗೆ ಹಿಡಿಯೋಣ." ಎರಡನೇ ವರ್ಷ ಹಿಡಿದೆವು. ಪಾರ್ಕಿಂಗ್‌ಗೆ ಇಟ್ಟಿದ್ದ ದುಡ್ಡಿನಲ್ಲಿ ಮೂರನೇ ಒಂದು ಭಾಗ ಅದಕ್ಕೇ ಹೋಯಿತು. ಅಲ್ಲಿ ನಿಂತದ್ದು ನಲವತ್ತೋ ಐವತ್ತೋ ಕಾರು. ಹೊರಗಿನ ಸಾಲು ಇದ್ದ ಹಾಗೇ ಇತ್ತು.

ಮೂರನೇ ವರ್ಷ ಗೇಟಿನ ಪಕ್ಕ ಗಡಿಯಾರ ನೋಡುತ್ತಾ ನಿಂತೆ. ಒಂದು ಕಾರಿಗೆ ಸುಮಾರು 20 ಸೆಕೆಂಡ್. ಕಿಟಕಿ ಇಳಿಸಬೇಕು, ಪರ್ಸ್ ಹುಡುಕಬೇಕು, ಚಿಲ್ಲರೆ ಎಣಿಸಬೇಕು, ಚೀಟಿ ಹರಿಯಬೇಕು. ಗಂಟೆಗೆ 180 ಕಾರು ಒಳಗೆ ಹೋದರೆ ಹೆಚ್ಚು. ಬರುತ್ತಿದ್ದದ್ದು 400ರ ಹತ್ತಿರ. ನಿಂತ ಸಾಲಿನಲ್ಲಿ ಒಂದೊಂದು ಕಾರು ಆರೇಳು ಮೀಟರ್ ತಿನ್ನುತ್ತದೆ. ಒಂದೂವರೆ ಗಂಟೆಯಲ್ಲಿ ಸಾಲು ಎರಡು ಕಿಲೋಮೀಟರ್ ದಾಟದೆ ಇನ್ನೇನಾಗುತ್ತದೆ?

ಮಾರನೇ ದಿನವೇ ಕ್ಯೂಆರ್ ಫಲಕ ನಿಲ್ಲಿಸಿದೆವು. ಅದು ಇನ್ನೂ ದೊಡ್ಡ ಪಜೀತಿ. ಅಷ್ಟು ಜನ ಸೇರಿದ ಕಡೆ ನೆಟ್‌ವರ್ಕ್ ಎಲ್ಲಿರುತ್ತೆ? "ತಿರುಗ್ತಾ ಇದೆ ಸರ್, ಒಂದ್ನಿಮಿಷ" ಅನ್ನುತ್ತಾ ಒಬ್ಬೊಬ್ಬರೂ 40 ಸೆಕೆಂಡ್ ತೆಗೆದುಕೊಂಡರು. ಮಧ್ಯಾಹ್ನದೊಳಗೆ ಫಲಕ ಕಿತ್ತೆವು.

ನಾಲ್ಕನೇ ವರ್ಷ ಹೇಳಿದೆ: ಗೇಟಿನಲ್ಲಿ ಯಾರನ್ನೂ ನಿಲ್ಲಿಸುವುದು ಬೇಡ. ಕಾರು ಸೀದಾ ಒಳಗೆ ಬಂದು ನಿಲ್ಲಲಿ, ಇಳಿಯುವಾಗ ನಮ್ಮ ಹುಡುಗರು ಸಾಲಿಗೇ ಹೋಗಿ ದುಡ್ಡು ಇಸ್ಕೊಳ್ಳಲಿ. ಖಜಾಂಚಿ ಜಗಳಕ್ಕೇ ಬಂದರು. "ಅರ್ಧ ದುಡ್ಡು ಸೋರಿ ಹೋಗುತ್ತೆ ನೋಡಿ" ಅಂದರು. ಸೋರಿತು, ಸುಳ್ಳಲ್ಲ. ನನ್ನ ಅಂದಾಜಿಗೆ ನೂರಕ್ಕೆ ಎಂಟು ಹತ್ತು ಕಾರು ತಪ್ಪಿಸಿಕೊಂಡವು. ಆದರೆ ಸಾಲು ನೋಡಿ ವಾಪಸ್ ಹೋಗುತ್ತಿದ್ದವರೆಲ್ಲ ಒಳಗೆ ಬಂದರು. ಒಟ್ಟು ವಸೂಲಿ ಹಿಂದಿನ ವರ್ಷಕ್ಕಿಂತ ಕಾಲು ಭಾಗ ಜಾಸ್ತಿ. ಅವತ್ತು ಖಜಾಂಚಿ ಮುಖ ನೋಡಬೇಕಿತ್ತು.

ಗೇಟು ಹರಿಯಿತು ಅಂತ ಮೈಮರೆತರೆ ಒಳಗೆ ಕಟ್ಟಿಕೊಳ್ಳುತ್ತದೆ. ಜಾಗ ಆರಿಸುವುದನ್ನು ಡ್ರೈವರ್‌ಗೆ ಬಿಡಲೇಬಾರದು. ದೂರದ ಸಾಲು ತುಂಬಿದ ಮೇಲೆ ಅದರ ಹಿಂದಿನದು, ಹೀಗೆ ಗೇಟಿನ ಕಡೆಗೆ ಬರಬೇಕು. "ಅಲ್ಲಿ ನೆರಳಿದೆಯಲ್ಲ" ಅಂದವರಿಗೆಲ್ಲ ನಗುತ್ತಾ ಸೀಟಿ ಊದುವುದಷ್ಟೇ. ಸುಣ್ಣದ ಗೆರೆ ಒಂದೇ ಮಳೆಗೆ ಹೋಯಿತು. ಈಗ ಗೂಟ, ಹಗ್ಗ. ಬೈಕುಗಳಿಗೆ ಬೇರೆ ಗೇಟೇ ಇರಬೇಕು, ಇಲ್ಲದಿದ್ದರೆ ಅವು ಕಾರುಗಳ ಸಂದಿಯಲ್ಲಿ ನುಗ್ಗಿ ಲೆಕ್ಕವನ್ನೆಲ್ಲ ಕೆಡಿಸುತ್ತವೆ. ಆಂಬುಲೆನ್ಸ್ ದಾರಿ ನಾಲ್ಕು ಮೀಟರ್ ಬಿಟ್ಟಿದ್ದೆ. ಗಣ್ಯರೊಬ್ಬರ ಕಾರು ಅಲ್ಲೇ ನಿಂತಿತ್ತು. ತೆಗೆಸಿದೆ. ಆಮೇಲೆ ಫೋನ್ ಮೇಲೆ ಫೋನ್ ಬಂತು, ಇರಲಿ.

ನಡುವೆ ಒಂದು ಹುಚ್ಚು. ಜನರಿಗೆ ಅವರವರ ಕಾರು ಸಿಗಲಿ ಅಂತ ಸಾಲಿಗೊಂದು ಬಣ್ಣದ ಬಲೂನು ಕಟ್ಟಿಸಿದೆ. ಸಂಜೆಗೆ ಅರ್ಧ ಗಾಳಿಗೆ ಹೋದವು, ಉಳಿದರ್ಧ ಮಕ್ಕಳ ಕೈಯಲ್ಲಿದ್ದವು. ಈಗ ಸಾಲಿನ ತುದಿಗೆ ದೊಡ್ಡ ನಂಬರ್ ಬರೆಸಿ, "ಇದರ ಫೋಟೋ ತಗೊಳ್ಳಿ" ಅನ್ನುತ್ತೇವೆ.

ಹೊರಗೆ ಬಿಡುವುದು ಒಳಗೆ ತರುವುದಕ್ಕಿಂತ ಕಷ್ಟ, ಗೊತ್ತಿರುವುದೇ. ಬರುವವರು ನಾಲ್ಕು ಗಂಟೆಯಲ್ಲಿ ಬರುತ್ತಾರೆ, ಹೋಗುವವರಿಗೆ ಅರ್ಧ ಗಂಟೆಯಲ್ಲಿ ಹೋಗಬೇಕು. ಹೊರಹೋಗುವ ಗೇಟಿನಿಂದ ಎಡಕ್ಕೆ ಮಾತ್ರ ತಿರುವು, ಬಲಕ್ಕೆ ಹೋಗುವವರು ಒಂದು ಕಿಲೋಮೀಟರ್ ಮುಂದೆ ಹೋಗಿ ಯೂಟರ್ನ್ ಹೊಡೆಯಬೇಕು. ಬೈಗುಳ ಬಂತು, ಆದರೆ ಮೂರು ಗಂಟೆ ಹಿಡಿಯುತ್ತಿದ್ದ ಕೆಲಸ ಒಂದು ಗಂಟೆ ಹತ್ತು ನಿಮಿಷಕ್ಕೆ ಮುಗಿಯಿತು. ಯಾವ ಸಾಲನ್ನು ಮೊದಲು ಬಿಡುತ್ತೇನೆ, ಯಾವುದನ್ನು ಕಾಯಿಸುತ್ತೇನೆ ಅನ್ನುವುದರಲ್ಲೇ ಅರ್ಧ ಗುಟ್ಟಿದೆ. ಅದನ್ನು ಇಲ್ಲಿ ಬರೆಯಲ್ಲ.

ಬಾಡಿಗೆ ಕಾರು ಮತ್ತು ಆಟೋಗಳು ಜನ ಇಳಿಸುವ ಜಾಗ ಮಾತ್ರ ಇನ್ನೂ ಹತೋಟಿಗೆ ಬಂದಿಲ್ಲ. ಮುಂದಿನ ವರ್ಷ ಅದನ್ನು ಮುಖ್ಯ ಗೇಟಿನಿಂದ 300 ಮೀಟರ್ ಆಚೆ ಹಾಕಿ ನೋಡಬೇಕು. ಅಷ್ಟು ದೂರ ಯಾರು ನಡೆಯುತ್ತಾರೆ ಅಂತ ಖಜಾಂಚಿ ಈಗಲೇ ಶುರು ಮಾಡಿದ್ದಾರೆ.