ಹಳೆಯ ಥ್ರಾಶ್ ಮೆಟಲ್ ಕ್ಯಾಸೆಟ್‌ನ ಮಂಕು ಸದ್ದು ಸರಿಯಾಗಿದ್ದು ಹೀಗೆ

1986ರ ಥ್ರಾಶ್ ಮೆಟಲ್ (ಅತಿ ವೇಗದ, ಒರಟು ರಾಕ್ ಸಂಗೀತ) ಆಲ್ಬಮ್‌ನ ಕ್ಯಾಸೆಟ್. ಡೆಕ್‌ಗೆ, ಅಂದರೆ ಕ್ಯಾಸೆಟ್ ಪ್ಲೇಯರ್‌ಗೆ ಹಾಕಿದರೆ ಡ್ರಮ್ಸ್‌ನ ಸಿಂಬಲ್ (ಲೋಹದ ತಟ್ಟೆ) ಕೇಳುತ್ತಿರಲಿಲ್ಲ. ವೇಗದ ಗಿಟಾರ್ ರಿಫ್‌ಗಳೆಲ್ಲ ಕಂಬಳಿ ಹೊದ್ದಂತೆ ಮಂಕು. ಬೇರೆ ಕ್ಯಾಸೆಟ್‌ಗಳು ಚೆನ್ನಾಗಿಯೇ ಕೇಳುತ್ತಿದ್ದವು.

ಟೇಪ್‌ನಿಂದ ಸದ್ದು ಓದುವ ಹೆಡ್ಡನ್ನು ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿದೆ, ಡಿಮ್ಯಾಗ್ನೆಟೈಸ್ ಮಾಡಿದೆ (ಅದರಲ್ಲಿ ಉಳಿದ ಅಯಸ್ಕಾಂತ ಗುಣ ತೆಗೆದೆ). ಏನೂ ಬದಲಾಗಲಿಲ್ಲ. ಟ್ರೆಬಲ್ (ಚೂಪಾದ, ಎತ್ತರದ ಸದ್ದು) ಏರಿಸಿದರೆ ಸುಮ್ನೆ ಹಿಸ್, ಅಂದರೆ ಟೇಪ್‌ನ 'ಸ್ಸ್' ಸದ್ದು ಜಾಸ್ತಿಯಾಯಿತು.

ಕೊನೆಗೆ ಕೆಲಸ ಮಾಡಿದ್ದು ಅಜಿಮತ್, ಅಂದರೆ ಟೇಪ್‌ಗೆ ಎದುರಾಗಿ ಹೆಡ್ ನಿಂತಿರುವ ಕೋನ. ರೆಕಾರ್ಡ್ ಮಾಡಿದ ಯಂತ್ರದ ಕೋನಕ್ಕೂ ನಮ್ಮ ಡೆಕ್‌ನದಕ್ಕೂ ಚೂರು ವ್ಯತ್ಯಾಸವಿದ್ದರೂ ಮೊದಲು ಹೋಗುವುದು ಟ್ರೆಬಲ್. ಥ್ರಾಶ್‌ನಲ್ಲಿ ಗಿಟಾರ್ ತಂತಿಗೆ ಬೀಳುವ ಪಿಕ್‌ನ ಏಟು, ಸಿಂಬಲ್ ಎಲ್ಲ ಇರುವುದು ಅಲ್ಲೇ ಅಲ್ವಾ?

ಮೊದಲು ಟೇಪನ್ನು ಪೂರ್ತಿ ಮುಂದಕ್ಕೂ ಹಿಂದಕ್ಕೂ ಓಡಿಸಿ. ಡಾಲ್ಬಿ (ಹಿಸ್ ತಗ್ಗಿಸುವ ವ್ಯವಸ್ಥೆ) ಆಫ್ ಮಾಡಿ, ಆಂಪ್ಲಿಫೈಯರನ್ನು ಮೋನೋಗೆ (ಎಡ-ಬಲ ಚಾನೆಲ್ ಎರಡೂ ಒಂದಾಗಿ ಕೇಳುವಂತೆ) ಇಡಿ. ಮೋನೋ ಬಹಳ ಮುಖ್ಯ. ಎರಡು ಚಾನೆಲ್ ಹೊಂದದಿದ್ದರೆ ಟ್ರೆಬಲ್ ಒಂದನ್ನೊಂದು ಅಳಿಸುತ್ತದೆ, ವ್ಯತ್ಯಾಸ ಬೇಗ ಕಿವಿಗೆ ಬೀಳುತ್ತದೆ. ಹೆಡ್ ಪಕ್ಕದಲ್ಲಿ ಸ್ಪ್ರಿಂಗ್ ಇರುವ ಸ್ಕ್ರೂ ಹುಡುಕಿ, ಅದು ಈಗಿರುವ ಜಾಗಕ್ಕೆ ಗುರುತು ಹಾಕಿ. ಟೇಪ್ ಓಡುತ್ತಿರುವಾಗಲೇ, ಅಯಸ್ಕಾಂತ ಗುಣವಿಲ್ಲದ ಸ್ಕ್ರೂಡ್ರೈವರ್‌ನಿಂದ, ಒಮ್ಮೆಗೆ 1/8 ಸುತ್ತಿಗಿಂತ ಕಡಿಮೆ ತಿರುಗಿಸಿ. ಸಿಂಬಲ್ ಅತಿ ಚೂಪಾಗಿ ಕೇಳುವಲ್ಲಿ ನಿಲ್ಲಿಸಿ. ಆಮೇಲೆ ಸ್ಟೀರಿಯೊ. ಕವರ್ ಮೇಲೆ ಡಾಲ್ಬಿ ಗುರುತಿದ್ದರೆ ಅದನ್ನೂ ಆನ್ ಮಾಡಿ.

ಬಿ ಸೈಡ್‌ಗೆ ಮತ್ತೆ ಕೇಳಿ ಹೊಂದಿಸಿ, ಅಲ್ಲಿ ಕೋನ ಬೇರೆ ಇರಬಹುದು. ಮುಗಿದ ಮೇಲೆ ಸ್ಕ್ರೂವನ್ನು ಹಳೆಯ ಗುರುತಿಗೇ ತನ್ನಿ. ಇಲ್ಲದಿದ್ದರೆ ಉಳಿದ ಕ್ಯಾಸೆಟ್‌ಗಳು ಮಂಕಾಗುತ್ತವೆ.